ನಾಲ್ಕು ನಾಲಿಗೆಗೆ ಒಗ್ಗುವ ಹೆಸರು: ಗಂಡುಮಗುವಿಗೆ ಹೆಸರು ಆರಿಸುವ ಸಮಗ್ರ ಮಾರ್ಗದರ್ಶಿ

ನಮ್ಮ ಪಟ್ಟಿಯಲ್ಲಿ ಮೊದಲು ಇದ್ದ ಹೆಸರು ವಿವೇಕ್. ನನ್ನ ಕಿವಿಗೆ ಅದಕ್ಕಿಂತ ಸರಳವಾದ ಹೆಸರೇ ಇರಲಿಲ್ಲ. ಹೆಂಡತಿಯ ಮನೆಮಾತು ಬಂಗಾಳಿ. ಅತ್ತೆಗೆ ಫೋನ್ ಮಾಡಿ ಹೇಳಿದೆವು. ‘ಬಿಬೇಕ್! ಚೆನ್ನಾಗಿದೆ’ ಅಂದರು. ‘ಅಲ್ಲ ಅತ್ತೆ, ವಿವೇಕ್’ ಅಂದೆ. ‘ಹೌದು, ಅದೇ, ಬಿಬೇಕ್’ ಅಂದರು. ಅವರ ಮಟ್ಟಿಗೆ ಅವರು ತಪ್ಪು ಹೇಳಿರಲೇ ಇಲ್ಲ. ಬಂಗಾಳಿಯಲ್ಲಿ ವಕಾರ ಬಕಾರವಾಗುತ್ತದೆ. ರವೀಂದ್ರ ಅಲ್ಲಿ ರಬೀಂದ್ರ ಆಗಿದ್ದೂ ಹೀಗೇ.

ಎಲ್ಲ ಭಾಷೆಯಲ್ಲೂ ಒಂದೇ ಥರ ಕೇಳಿಸುವ ಹೆಸರನ್ನು ಹುಡುಕುವುದನ್ನು ನಾವು ಅವತ್ತೇ ಬಿಟ್ಟೆವು. ಅಂಥದ್ದು ಸಿಗುವುದಿಲ್ಲ. ಹೆಸರು ಎಲ್ಲೋ ಒಂದು ಕಡೆ ಬಾಗೇ ಬಾಗುತ್ತದೆ. ಎಲ್ಲಿ ಬಾಗುತ್ತದೆ, ಎಷ್ಟು ಬಾಗುತ್ತದೆ, ಬಾಗಿದ ಮೇಲೂ ಅದು ನಮಗೆ ಇಷ್ಟವಾಗುತ್ತದಾ? ನೋಡಬೇಕಾದದ್ದು ಇಷ್ಟೇ. ಕೆಳಗಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಹೆಜ್ಜೆ 1: ಯಾವ ಭಾಷೆಗಳು ಅಂತ ಮೊದಲು ತೀರ್ಮಾನಿಸಿ

‘ಜಗತ್ತಿನ ಎಲ್ಲ ಭಾಷೆಗೂ ಹೊಂದಬೇಕು’ ಅಂತ ಹೊರಟರೆ ಪಟ್ಟಿಯಲ್ಲಿ ಒಂದು ಹೆಸರೂ ಉಳಿಯುವುದಿಲ್ಲ. ಒಂದು ಹಾಳೆ ತೆಗೆದುಕೊಂಡು ಮೂರು ಗುಂಪು ಮಾಡಿ. ದಿನಾ ಮಗುವನ್ನು ಕೂಗುವವರ ಭಾಷೆ ಮೊದಲನೆಯದು: ಅಪ್ಪ, ಅಮ್ಮ, ಎರಡೂ ಕಡೆಯ ಅಜ್ಜ ಅಜ್ಜಿ. ಎರಡನೆಯದು ಶಾಲೆ, ಕಚೇರಿ, ಆಸ್ಪತ್ರೆಯಲ್ಲಿ ಹೆಸರನ್ನು ಕಾಗದದಿಂದ ಓದುವವರ ಭಾಷೆ. ಮೂರನೆಯದು ಮುಂದೆ ಯಾವತ್ತಾದರೂ ಹೋಗಬಹುದಾದ ಊರುಗಳ ಭಾಷೆ.

ಮೊದಲ ಗುಂಪಿನವರಿಗೆ ಹೆಸರು ಬಾಯಿಗೆ ಬರಲೇಬೇಕು. ಎರಡನೆಯವರಿಗೆ ಓದಲು ಬಂದರೆ ಸಾಕು. ಮೂರನೆಯವರ ಭಾಷೆಯಲ್ಲಿ ಕೆಟ್ಟ ಅರ್ಥ ಬರದಿದ್ದರೆ ಆಯಿತು. ಈ ವ್ಯತ್ಯಾಸ ಇಟ್ಟುಕೊಳ್ಳದೆ ಕೂತರೆ, ಯಾರೋ ಎಂದೋ ಹೋಗಬಹುದಾದ ದೇಶದ ಉಚ್ಚಾರಣೆಗಾಗಿ ಮನೆಯ ಅಜ್ಜಿಗೆ ಹೇಳಲು ಬಾರದ ಹೆಸರು ಇಟ್ಟುಬಿಡುತ್ತೇವೆ. ಮೊದಲೆರಡು ಗುಂಪು ಸೇರಿ ಮೂರು ನಾಲ್ಕು ಭಾಷೆ ದಾಟದಂತೆ ನೋಡಿಕೊಳ್ಳಿ.

ಹೆಜ್ಜೆ 2: ಎರಡು ಕಡೆಯೂ ಬೇರಿರುವ ಹೆಸರಿದೆಯಾ ನೋಡಿ

ಕೆಲವು ಹೆಸರು ಎರಡು ಭಾಷೆಯಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲದೆ, ಹುಟ್ಟಿಕೊಂಡಿರುತ್ತವೆ. ಸಮೀರ್ ಸಂಸ್ಕೃತದಲ್ಲಿ ತಂಗಾಳಿ. ಅರಬ್ಬಿಯಲ್ಲಿ ಸಂಜೆ ಹರಟೆಯ ಜೊತೆಗಾರ. ಎರಡೂ ಚೆಂದ, ಅಲ್ವಾ? ಅಮಿತ್ ಸಂಸ್ಕೃತದಲ್ಲಿ ಅಳತೆಯಿಲ್ಲದವನು, ಹೀಬ್ರೂದಲ್ಲಿ ಗೆಳೆಯ. ಮಿಲನ್ ನಮಗೆ ಕೂಡುವಿಕೆ. ಸ್ಲಾವಿಕ್ ಭಾಷೆಗಳಲ್ಲಿ ಅದು ‘ಪ್ರೀತಿಪಾತ್ರ’ ಎಂಬ ಬೇರಿನಿಂದ ಬಂದ, ತುಂಬ ಬಳಕೆಯಲ್ಲಿರುವ ಗಂಡಸಿನ ಹೆಸರು. ನೀಲ್ ಐರಿಷ್ ಮೂಲದ ಹೆಸರೂ ಹೌದು, ನಮ್ಮ ನೀಲಿಯೂ ಹೌದು. ಕಿರಣ್ ಅಂದರೆ ಬೆಳಕಿನ ಕೋಲು. ಹತ್ತಿರದ ಉಚ್ಚಾರಣೆಯ ಐರಿಷ್ ಹೆಸರು ಕೀರನ್ ಬಂದಿರುವುದು ‘ಕಪ್ಪು’ ಎಂಬ ಮಾತಿನಿಂದ. ಅರ್ಥ ತದ್ವಿರುದ್ಧ, ಕೂಗಿದರೆ ಒಂದೇ.

ಇನ್ನೊಂದು ಬಗೆಯೆಂದರೆ ಒಂದೇ ಹೆಸರು ಊರೂರಿಗೆ ಬಟ್ಟೆ ಬದಲಿಸಿಕೊಂಡು ಹೋಗಿರುವುದು. ಹೀಬ್ರೂವಿನ ಯೋಹಾನಾನ್ ಇಂಗ್ಲಿಷಿಗೆ ಬಂದು ಜಾನ್, ರಷ್ಯನ್ನಿನಲ್ಲಿ ಇವಾನ್, ಸ್ಪ್ಯಾನಿಷಿನಲ್ಲಿ ಹುವಾನ್, ಇಟಾಲಿಯನ್ನಿನಲ್ಲಿ ಜ್ಯೊವಾನ್ನಿ ಆಯಿತು. ಯೂಸುಫ್, ಜೋಸೆಫ್, ಹೊಸೆ ಮೂರೂ ಒಂದೇ. ಕೃಷ್ಣ, ಕಿಶನ್, ಕಣ್ಣನ್ ಕೂಡ ಹಾಗೇ. ಇಂಥ ಹೆಸರಿಟ್ಟರೆ ಅಧಿಕೃತವಾಗಿ ಒಂದು ರೂಪ ಬರೆಸಿ, ಉಳಿದವರು ತಮ್ಮ ರೂಪದಲ್ಲಿ ಕೂಗಿಕೊಳ್ಳಲಿ ಅಂತ ಬಿಡಬಹುದು.

ಒಂದು ಎಚ್ಚರಿಕೆ. ಹೆಸರಿನ ಪಟ್ಟಿಗಳಲ್ಲಿ ಬರೆದಿರುವ ಅರ್ಥವನ್ನು ನಂಬಬೇಡಿ. ಯಾವ ಹೆಸರಿಗೆ ನೋಡಿದರೂ ‘ದೇವರ ಕೊಡುಗೆ’, ‘ಸೂರ್ಯನ ಮೊದಲ ಕಿರಣ’ ಅಂತಲೇ ಇರುತ್ತದೆ. ಆ ಭಾಷೆಯ ನಿಘಂಟು ತೆಗೆದು ನೋಡಿ. ಅಲ್ಲಿಲ್ಲದಿದ್ದರೆ ಅರ್ಥ ಹುಟ್ಟುಹಾಕಿದ್ದು ಅಂತ ತಿಳಿದುಕೊಳ್ಳಿ.

ಹೆಜ್ಜೆ 3: ಸದ್ದಿನ ಜರಡಿ

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ಪ್ರತಿ ಭಾಷೆಗೂ ಕೆಲವು ಸದ್ದು ಇರುವುದಿಲ್ಲ. ಇಲ್ಲದ ಸದ್ದಿನ ಜಾಗಕ್ಕೆ ಆ ಭಾಷೆಯವರು ಹತ್ತಿರದ ಒಂದನ್ನು ತಂದು ಕೂರಿಸುತ್ತಾರೆ. ಯಾವುದನ್ನು ಕೂರಿಸುತ್ತಾರೆ ಅಂತ ಮೊದಲೇ ಹೇಳಬಹುದು.

ಮನೆಯ ಹತ್ತಿರದಿಂದಲೇ ಶುರು ಮಾಡೋಣ. ಹಿಂದಿಯವರು ಕೊನೆಯ ಅಕಾರ ನುಂಗುತ್ತಾರೆ. ರಾಮ ರಾಮ್ ಆಗುತ್ತಾನೆ. ಅವರ ಬಾಯಲ್ಲಿ ಳಕಾರ ಲಕಾರವಾಗುವುದರಿಂದ ಮುರಳಿ ಮುರಲಿ. ‘ಜ್ಞ’ ಇದ್ದರಂತೂ ಗೋವಿಂದ. ಯಜ್ಞೇಶ್ ಹಿಂದಿಯಲ್ಲಿ ಯಗ್ಯೇಶ್, ಮರಾಠಿಯಲ್ಲಿ ಯದ್ನ್ಯೇಶ್. ಬಂಗಾಳಿಯಲ್ಲಿ ಅಕಾರ ಒಕಾರದ ಕಡೆ ವಾಲುತ್ತದೆ, ಸಕಾರ ಶಕಾರವಾಗುತ್ತದೆ. ಹಾಗಾಗಿ ಸಮೀರ್ ಅಲ್ಲಿ ಶೊಮಿರ್, ಅಮಿತ್ ಒಮಿತ್. ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬ ಜೋಡಿಗಳಿಗೆ ಒಂದೊಂದೇ ಅಕ್ಷರ. ಗಣೇಶನಂಥ ಪರಿಚಯದ ಹೆಸರನ್ನು ಅಭ್ಯಾಸದಿಂದ ಸರಿಯಾಗಿಯೇ ಓದುತ್ತಾರೆ. ಕೇಳಿರದ ಹೊಸ ಹೆಸರಾದರೆ ಗಗನ್ ಕಗನ್ ಆಗಬಹುದು.

ಆಚೆ ಹೋದರೆ ಒಂದು ಅಕ್ಷರ ಮಾಡುವ ಕಿತಾಪತಿ ನೋಡಿ: ಜೆ. ಇಂಗ್ಲಿಷಿನವರಿಗೆ ಅದು ಜ. ಜರ್ಮನ್ನಿನಲ್ಲಿ ಯ. ಸ್ಪ್ಯಾನಿಷಿನಲ್ಲಿ ಗಂಟಲಿನಿಂದ ಬರುವ ಹ. ಅಜಯ್ ಅಂತ ಬರೆದುಕೊಟ್ಟರೆ, ಹೇಳಿಕೊಡುವವರಿಲ್ಲದಿದ್ದರೆ, ಒಬ್ಬರು ಅಯಾಯ್ ಅನ್ನುತ್ತಾರೆ, ಇನ್ನೊಬ್ಬರು ಅಹಾಯ್. ವಿಜಯ್ ಇನ್ನೂ ಪಾಪ. ಸ್ಪ್ಯಾನಿಷಿನಲ್ಲಿ ವ-ಬ ವ್ಯತ್ಯಾಸವೂ ಇಲ್ಲದ್ದರಿಂದ ಬಿಹಾಯ್ ಆಗಿಬಿಡುತ್ತಾನೆ. ಈ ಎರಡು ಭಾಷೆಗಳು ನಿಮ್ಮ ಮೊದಲೆರಡು ಗುಂಪಿನಲ್ಲಿದ್ದರೆ ಜಕಾರದ ಹೆಸರುಗಳನ್ನು ಪಕ್ಕಕ್ಕಿಡಿ.

ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ಮೂರರಲ್ಲೂ ಬರೆದ ಹಕಾರ ಬಾಯಿಗೆ ಬರುವುದಿಲ್ಲ. ಹರಿ ಅಂತ ಇಟ್ಟರೆ ಅರಿ ಅಂತ ಕರೆಯುತ್ತಾರೆ. ದೇವರ ಹೆಸರು ಹೋಗಿ ಶತ್ರು ಬಂದು ಕೂತ! ಅವರಿಗೇನೂ ಅನ್ನಿಸುವುದಿಲ್ಲ, ನಮಗೆ ಚುರುಕ್ ಅನ್ನುತ್ತದೆ. ಜರ್ಮನ್ನಿನಲ್ಲಿ ಪದದ ಮೊದಲಿಗೆ, ಸ್ವರಕ್ಕೆ ಮುಂಚೆ ಬರುವ ಸಕಾರ ಝಕಾರದಂತೆ ಕೇಳಿಸುತ್ತದೆ. ಸಮೀರ್ ಝಮೀರ್ ಆಗುತ್ತಾನೆ. ಅದೂ ಬೇರೆಯದೇ ಒಂದು ಹೆಸರು. ಅರಬ್ಬಿಯಲ್ಲಿ ಪಕಾರ ಇಲ್ಲ, ಪವನ್‌ಗೆ ಬ ಅಂಟಿಕೊಳ್ಳುತ್ತದೆ. ಜಪಾನಿ ಭಾಷೆಯಲ್ಲಿ ರ-ಲ ಬೇರೆ ಬೇರೆ ಅಲ್ಲ. ಒತ್ತಕ್ಷರ ಬಂದರೆ ನಡುವೆ ಸ್ವರ ತುರುಕುತ್ತಾರೆ. ಕ್ರಿಸ್ ಅಲ್ಲಿ ಕುರಿಸು. ಕನ್ನಡದವರು ಕೇಳಿಸಿಕೊಂಡರೆ ನಗದೆ ಇರುವುದು ಕಷ್ಟ. ಇಂಗ್ಲಿಷಿನವರು ಮಹಾಪ್ರಾಣ ಬಿಡುತ್ತಾರೆ, ಭರತ್ ಬರತ್ ಆಗುತ್ತದೆ. ಇದನ್ನು ನಾನು ದೋಷ ಅಂತ ಲೆಕ್ಕ ಹಾಕುವುದಿಲ್ಲ. ನಮ್ಮಲ್ಲೇ ಎಷ್ಟು ಜನ ಭಕಾರವನ್ನು ಸರಿಯಾಗಿ ಅನ್ನುತ್ತಾರೆ ಹೇಳಿ.

ಹಾಗಾದರೆ ಏನು ಉಳಿಯಿತು? ಮ, ನ, ಕ, ತ. ಸ್ವರಗಳಲ್ಲಿ ಅ, ಇ, ಉ. ಇವು ಹೆಚ್ಚುಕಡಿಮೆ ಎಲ್ಲ ಕಡೆಯೂ ಇವೆ. ವ್ಯಂಜನ-ಸ್ವರ, ವ್ಯಂಜನ-ಸ್ವರ ಅಂತ ಸಾಗುವ, ಒತ್ತಕ್ಷರ ಇಲ್ಲದ, ಎರಡು ಮೂರು ಅಕ್ಷರದ ಹೆಸರು ಅತಿ ಕಡಿಮೆ ಬಾಗುತ್ತದೆ: ಮನು, ಅಮನ್, ನಿತಿನ್, ಅಮಿತ್, ಮಾನಸ್. ಹಾಗಂತ ಋತ್ವಿಕ್, ಧ್ರುವ ಇಡಲೇಬಾರದು ಅಂತಲ್ಲ. ಇಟ್ಟರೆ ಜೀವಮಾನವಿಡೀ ಹೇಳಿಕೊಡುತ್ತಾ ಇರಬೇಕು, ಅದಕ್ಕೆ ತಯಾರಿದ್ದೀರಾ ಅಂತ ನೋಡಿಕೊಳ್ಳಿ. ಹೇಳಿಕೊಡುವವನು ಅವನು, ನೀವಲ್ಲ ಅನ್ನುವುದೂ ನೆನಪಿರಲಿ.

ಹೆಜ್ಜೆ 4: ರೋಮನ್ ಅಕ್ಷರದಲ್ಲಿ ಬರೆದು ನೋಡಿ

ಋತ್ವಿಕ್ ಹೆಸರನ್ನೇ ತೆಗೆದುಕೊಳ್ಳಿ. ಕನ್ನಡ, ತೆಲುಗು, ಮರಾಠಿಯವರಿಗೆ ಋ ಎಂದರೆ ‘ರು’ ಹತ್ತಿರ. ಹಿಂದಿಯವರಿಗೆ ‘ರಿ’. ಅಲ್ಲಿಗೆ ಎರಡು ಸ್ಪೆಲಿಂಗ್. ತಕಾರಕ್ಕೆ ಬರೀ ಟಿ ಹಾಕುವವರಿದ್ದಾರೆ, ಟಿ-ಎಚ್ ಹಾಕುವವರಿದ್ದಾರೆ. ನಾಲ್ಕಾಯಿತು. ವಕಾರಕ್ಕೆ ವಿ ಅಥವಾ ಡಬ್ಲ್ಯು. ಎಂಟಾಯಿತು. ಒಂದೇ ಮಗು, ಎಂಟು ಸ್ಪೆಲಿಂಗ್. ಜನನ ಪ್ರಮಾಣಪತ್ರದಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಆದರೆ ಮುಂದೆ ಅಫಿಡವಿಟ್ ಹಿಡಿದುಕೊಂಡು ಓಡಾಡುವವನು ಅವನೇ. ನಿಮ್ಮ ಹೆಸರಿಗೂ ಹೀಗೇ ಲೆಕ್ಕ ಹಾಕಿ. ನಾಲ್ಕಕ್ಕಿಂತ ಜಾಸ್ತಿ ಬಂದರೆ ಯೋಚಿಸಿ.

ಟಿ-ಎಚ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ದಕ್ಷಿಣದವರು ತಕಾರಕ್ಕೆ ಟಿ-ಎಚ್ ಬರೆಯುತ್ತಾರೆ. ಹಿಂದಿಯವರು ಅದನ್ನು ಥ ಅಂತ ಓದಿ ನಿಥಿನ್ ಅನ್ನುತ್ತಾರೆ. ಇಂಗ್ಲಿಷಿನವರು ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ಹೇಳುತ್ತಾರೆ. ಬರೀ ಟಿ ಬರೆದರೆ ನಿಟಿನ್. ಯಾವ ಕಡೆ ಹೋದರೂ ಒಂದು ಪೆಟ್ಟು ಇದ್ದೇ ಇದೆ. ನನ್ನ ಮಟ್ಟಿಗೆ, ದಿನಾ ಓದುವವರು ಇಂಗ್ಲಿಷಿನವರಾದರೆ ಬರೀ ಟಿ ವಾಸಿ.

ಆದರೆ ಒಂದು ಕಡೆ ಟಿ-ಎಚ್ ಕಾಪಾಡುತ್ತದೆ. ರಕ್ಷಿತ್, ಹರ್ಷಿತ್, ಅಕ್ಷಿತ್ ಇವನ್ನು ಕೊನೆಗೆ ಬರೀ ಟಿ ಹಾಕಿ ಬರೆದು, ಕಡೆಯ ನಾಲ್ಕು ಅಕ್ಷರವನ್ನು ಮಾತ್ರ ಓದಿ. ಇಂಗ್ಲಿಷಿನ ಹೊಲಸು ಮಾತೊಂದು ಅಲ್ಲಿ ಕೂತಿರುತ್ತದೆ. ಮಕ್ಕಳು ಆಡಿಕೊಳ್ಳುವುದು ಒಂದು ಕಡೆ. ಕೆಟ್ಟ ಮಾತು ತಡೆಯುವ ಸಾಫ್ಟ್‌ವೇರ್ ಇಂಥ ಹೆಸರನ್ನೇ ತಿರಸ್ಕರಿಸುವುದೂ ಉಂಟು. ಕೊನೆಗೆ ಎಚ್ ಸೇರಿಸಿದರೆ ಕಣ್ಣಿಗೆ ಹೊಡೆಯುವುದು ಕಡಿಮೆಯಾಗುತ್ತದೆ.

ದೀರ್ಘ ಸ್ವರಕ್ಕೆ ಎರಡು ಎ ಹಾಕಬೇಕಾ? ದೀರ್ಘ ಹೋದರೆ ಅರ್ಥ ಕೆಡುತ್ತದೆ ಅಂತಾದರೆ ಹಾಕಿ. ಅರಬ್ಬಿಯಲ್ಲಿ ಜಮಾಲ್ ಅಂದರೆ ಚೆಲುವು, ಜಮಲ್ ಅಂದರೆ ಒಂಟೆ. ಇಲ್ಲದಿದ್ದರೆ ಒಂದೇ ಎ ಸಾಕು. ಅದೃಷ್ಟಕ್ಕೆ ಅಂತ ಸುಮ್ನೆ ಅಕ್ಷರ ಸೇರಿಸುವ ಚಟ ಬೇಡ. ಮಗ ಫೋನಿನಲ್ಲಿ ‘ಎರಡು ಎ, ಆಮೇಲೆ ಎರಡು ಐ’ ಅಂತ ಹೇಳುತ್ತಲೇ ಇರಬೇಕಾಗುತ್ತದೆ.

ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲು ನೋಡಿದ್ದೀರಲ್ಲ? ಒಂದೊಂದು ಸಾಲಿಗೂ 44 ಜಾಗ. ಮೊದಲ ಸಾಲಿನಲ್ಲಿ ಹೆಸರಿಗೆ ಸಿಗುವುದು 39. ಮನೆತನದ ಹೆಸರು, ಕೊಟ್ಟ ಹೆಸರು, ನಡುವಿನ ಖಾಲಿ ಗುರುತು ಎಲ್ಲ ಅಷ್ಟರಲ್ಲೇ. ಎ-ಯಿಂದ ಝಡ್‌ವರೆಗಿನ 26 ಅಕ್ಷರ ಬಿಟ್ಟು ಮೇಲೆ ಚುಕ್ಕಿ, ಗೆರೆ ಇರುವ ಅಕ್ಷರ ಅಲ್ಲಿ ನಡೆಯುವುದಿಲ್ಲ. ಯುರೋಪಿನ ಭಾಷೆಯ ಚುಕ್ಕಿ ಅಕ್ಷರದ ಹೆಸರು ಇಡುವ ಆಸೆಯಿದ್ದರೆ, ಚುಕ್ಕಿ ಕಳಚಿದ ಮೇಲೆ ಹೇಗೆ ಕಾಣುತ್ತದೆ ನೋಡಿಕೊಳ್ಳಿ.

ಹೆಜ್ಜೆ 5: ಬೇರೆ ಭಾಷೆಯಲ್ಲಿ ಏನರ್ಥ?

ಅರಿ ಅನ್ನುವ ಎರಡಕ್ಷರದ ಹೆಸರು ಹಲವು ದೇಶಗಳಲ್ಲಿ ಚಾಲ್ತಿಯಲ್ಲಿದೆ. ಹೀಬ್ರೂವಿನಲ್ಲಿ ಸಿಂಹ. ಐಸ್‌ಲ್ಯಾಂಡಿನ ಭಾಷೆಯಲ್ಲಿ ಹದ್ದು. ಜಪಾನಿನಲ್ಲಿ ಇರುವೆ. ಕನ್ನಡದಲ್ಲಿ ‘ತಿಳಿದುಕೋ’, ಮತ್ತೆ ‘ಶತ್ರು’. ಕೈ ಅನ್ನುವುದೂ ಹಾಗೇ. ಹವಾಯಿಯಲ್ಲಿ ಸಮುದ್ರ, ಮಾವೋರಿಯಲ್ಲಿ ಊಟ, ನಮ್ಮಲ್ಲಿ ಬರೀ ಕೈ. ಮನೆಯಲ್ಲಿ ‘ಕೈ ತೊಳಿ’ ಅಂದರೆ ಮಗುವನ್ನೇ ಬಚ್ಚಲಿಗೆ ಕರೆದುಕೊಂಡು ಹೋಗಬೇಕಾ? ನೋವಾ ಅನ್ನುವ ಹೆಸರು ಪಶ್ಚಿಮದಲ್ಲಿ ಬಹಳ ಜನಪ್ರಿಯ. ಬಿದ್ದು ಅಳುವ ಮಗುವಿನ ಹತ್ತಿರ ಕನ್ನಡದ ಅಜ್ಜಿ ಓಡಿಬಂದು ‘ನೋವಾ?’ ಅಂದರೆ ಅದು ಹೆಸರೋ, ಪ್ರಶ್ನೆಯೋ ಗೊತ್ತಾಗುವುದಿಲ್ಲ.

ಇವು ತಮಾಷೆಯವು, ತಡೆದುಕೊಳ್ಳಬಹುದು. ಒಳ್ಳೆಯ ಬೆರಕೆಗಳೂ ಸಿಗುತ್ತವೆ. ರವಿ ಅಂದರೆ ಫ್ರೆಂಚಿನಲ್ಲಿ ‘ಬಹಳ ಖುಷಿಯಾಗಿರುವವನು’. ಅಮರ್ ಸ್ಪ್ಯಾನಿಷಿನಲ್ಲಿ ‘ಪ್ರೀತಿಸುವುದು’. ತಡೆದುಕೊಳ್ಳಲು ಆಗದವೂ ಇವೆ. ಆರ್ಯನ್ ನಮ್ಮಲ್ಲಿ ಮಾಮೂಲಿ ಹೆಸರು. ಯುರೋಪ್, ಅಮೆರಿಕದಲ್ಲಿ ಕೇಳಿದವರಿಗೆ ಹಿಟ್ಲರನ ಜನಾಂಗದ ಮಾತು ನೆನಪಾಗುತ್ತದೆ. ಸ್ವಸ್ತಿಕ್ ಅಂತೂ ಅಲ್ಲಿ ಸಾಧ್ಯವೇ ಇಲ್ಲ. ನಮ್ಮ ಅರ್ಥ ಅವರದಕ್ಕಿಂತ ಹಳೆಯದು, ಅದು ನಿಜ. ಆದರೆ ಆ ಇತಿಹಾಸದ ಪಾಠವನ್ನು ಪ್ರತಿ ಹೊಸ ತರಗತಿಯಲ್ಲೂ ಐದು ವರ್ಷದ ಹುಡುಗ ಮಾಡಬೇಕಾ?

ಪರೀಕ್ಷೆ ಮಾಡುವುದು ಹೇಗೆ? ನಿಘಂಟು ನೋಡಿದರೆ ಅರ್ಧ ಕೆಲಸ ಮಾತ್ರ. ಬೀದಿ ಮಾತು ನಿಘಂಟಿನಲ್ಲಿ ಇರುವುದಿಲ್ಲ. ಆ ಭಾಷೆಯಲ್ಲೇ ಬೆಳೆದ ಒಬ್ಬರನ್ನು ಹಿಡಿಯಿರಿ. ‘ಹೆಸರು ಚೆನ್ನಾಗಿದೆಯಾ’ ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ‘ಈ ಹೆಸರಿನ ಹುಡುಗನನ್ನು ಕ್ಲಾಸಿನಲ್ಲಿ ಏನಂತ ರೇಗಿಸುತ್ತಿದ್ದಿರಿ?’ ಅಂತ ಕೇಳಿ. ಹತ್ತು ಹನ್ನೆರಡು ವರ್ಷದ ಮಕ್ಕಳು ಸಿಕ್ಕರೆ ಇನ್ನೂ ವಾಸಿ, ಎರಡು ನಿಮಿಷದಲ್ಲಿ ಪಟ್ಟಿ ಕೊಡುತ್ತಾರೆ.

ಮುದ್ದಿನ ಹೆಸರಿಗೂ ಇದೇ ಪರೀಕ್ಷೆ ಮಾಡಿ. ಹೇಗಿದ್ದರೂ ಜಾಸ್ತಿ ಬಳಕೆಯಾಗುವುದು ಅದೇ. ಬಾಬಿ ಅಂತ ಮುದ್ದಿಗೆ ಕರೆದರೆ ಇಂಡೊನೇಷ್ಯಾದವರ ಕಿವಿಗೆ ಅದು ಹಂದಿ.

ಹೆಜ್ಜೆ 6: ಹುಡುಗನ ಹೆಸರು ಅಲ್ಲೂ ಹುಡುಗನದೇನಾ?

ನಿಕಿತಾ ರಷ್ಯದಲ್ಲಿ ಗಂಡಸಿನ ಹೆಸರು, ಇಲ್ಲಿ ಹುಡುಗಿಯದು. ಆಂದ್ರೆಯಾ ಇಟಲಿಯಲ್ಲಿ ಗಂಡು, ಜರ್ಮನ್ನರಿಗೆ ಹೆಣ್ಣು. ಸುಮನ್ ಬಂಗಾಳಿಯಲ್ಲಿ ಹುಡುಗ, ಹಿಂದಿಯಲ್ಲಿ ಹೆಚ್ಚಾಗಿ ಹುಡುಗಿ. ಕಿರಣ್ ನಮ್ಮಲ್ಲಿ ಹುಡುಗ, ಉತ್ತರದಲ್ಲಿ ಎರಡೂ. ಇದೇ ಕಿರಣ್ ಜರ್ಮನಿಯ ಸಂವಿಧಾನ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಮಗಳಿಗೆ ಆ ಹೆಸರಿಡಲು ಹೊರಟ ಅಪ್ಪ ಅಮ್ಮನಿಗೆ, ಹೆಸರಿನಿಂದ ಹೆಣ್ಣೋ ಗಂಡೋ ಗೊತ್ತಾಗುವುದಿಲ್ಲ ಅಂತ ನೋಂದಣಿ ಕಚೇರಿ ಅಡ್ಡಿ ಮಾಡಿತ್ತು. 2008ರಲ್ಲಿ ನ್ಯಾಯಾಲಯ ಅಪ್ಪ ಅಮ್ಮನ ಪರ ತೀರ್ಪು ಕೊಟ್ಟಿತು.

ಇದನ್ನು ದೊಡ್ಡ ಅಡ್ಡಿ ಅಂತ ನಾನು ಎಣಿಸುವುದಿಲ್ಲ. ಪತ್ರದಲ್ಲಿ ಯಾರೋ ‘ಶ್ರೀಮತಿ’ ಅಂತ ಬರೆದರೆ ಅಷ್ಟೇ ಹೋಯಿತು. ಇಟಾಲಿಯನ್ ಸ್ಪ್ಯಾನಿಷ್ ಕಿವಿಗೆ ಆ-ಕಾರದ ಕೊನೆ ಹೆಣ್ಣಿನದು ಅನ್ನಿಸುವುದು ಹೆಚ್ಚು ಅನ್ನುವುದೊಂದು ಗೊತ್ತಿರಲಿ. ಕೃಷ್ಣ, ಆದಿತ್ಯ ಅಲ್ಲಿ ಮೊದಲ ಓದಿಗೆ ಹುಡುಗಿ ಆಗಬಹುದು.

ಹೆಜ್ಜೆ 7: ಕಾನೂನು

ಮಗು ಹುಟ್ಟುವ ದೇಶದ ನಿಯಮ ಮೊದಲೇ ಓದಿಕೊಳ್ಳಿ. ಐಸ್‌ಲ್ಯಾಂಡಿನಲ್ಲಿ 1991ರಿಂದ ಹೆಸರಿಗೇ ಒಂದು ಸಮಿತಿ ಇದೆ. ಹೊಸ ಹೆಸರು ಅಲ್ಲಿಯ ವ್ಯಾಕರಣಕ್ಕೆ, ಅಕ್ಷರಕ್ಕೆ ಹೊಂದುತ್ತದಾ ಅಂತ ಅದು ನೋಡುತ್ತದೆ. ಡೆನ್ಮಾರ್ಕಿನಲ್ಲಿ ಒಪ್ಪಿತ ಹೆಸರುಗಳ ಪಟ್ಟಿಯಿದೆ. ಮನೆತನದ ಹೆಸರಿಲ್ಲದೆ ಒಂದೇ ಹೆಸರು ಬರೆಸಿದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಅಂತ ಬೀಳುತ್ತದೆ. ಎರಡು ಭಾಗ ಬರೆಸಿಬಿಡಿ.

ಹೆಜ್ಜೆ 8: ಹೆಸರಿನ ಜೊತೆ ಒಂದು ವಾರ

ಎರಡೋ ಮೂರೋ ಹೆಸರು ಉಳಿದಿರುತ್ತವೆ. ಈಗ ಬಾಯಿಗೆ ಕೆಲಸ ಕೊಡಿ. ಬಾಗಿಲಲ್ಲಿ ನಿಂತು ದೂರದಲ್ಲಿರುವ ಮಗನನ್ನು ಕರೆಯುವಂತೆ ಗಟ್ಟಿಯಾಗಿ ಕೂಗಿ. ಕೊನೆಯಲ್ಲಿ ಸ್ವರವಿದ್ದರೆ ಎಳೆಯಬಹುದು, ಸದ್ದು ದೂರ ಹೋಗುತ್ತದೆ. ಕೋಪದಲ್ಲಿ ಹೇಳಿ ನೋಡಿ, ಲಾಲಿಯಲ್ಲಿ ಹೇಳಿ ನೋಡಿ. ಹೆಸರನ್ನು ಚೀಟಿಯಲ್ಲಿ ಬರೆದು ಪರಿಚಯವಿಲ್ಲದ ಒಬ್ಬರಿಗೆ ಕೊಟ್ಟು ‘ಓದಿ’ ಅನ್ನಿ. ಆಮೇಲೆ ಉಲ್ಟಾ: ಫೋನಿನಲ್ಲಿ ಹೆಸರು ಹೇಳಿ, ಅವರು ಬರೆದುಕೊಂಡದ್ದನ್ನು ಫೋಟೊ ತೆಗೆದು ಕಳಿಸಲು ಹೇಳಿ. ಎಷ್ಟೋ ಹೆಸರು ಬಿದ್ದುಹೋಗುವುದು ಇಲ್ಲೇ.

ನಮಗೆ ಉಳಿದದ್ದು ಅಮಿತ್ ಮತ್ತು ಮನು. ಅಮಿತ್ ಬಂಗಾಳಿಯಲ್ಲಿ ಒಮಿತ್. ಇಂಗ್ಲಿಷ್ ಕಿವಿಗೆ ಅದು ‘ಬಿಟ್ಟುಬಿಡು’ ಅಂದಂತೆ. ಹೆಂಡತಿ ಅದನ್ನು ಅಲ್ಲೇ ಬಿಟ್ಟಳು. ಮನುವಿಗೂ ಕೊರತೆಗಳಿದ್ದವು. ಸ್ಪೇನಿನಲ್ಲಿ ಅದು ಮನುವೆಲ್‌ನ ಮುದ್ದಿನ ರೂಪ. ಜರ್ಮನಿಯಲ್ಲಿ ಮನುವೇಲಾ ಎಂಬ ಹುಡುಗಿಯರೂ ಮನುವೇ. ಹವಾಯಿಯಲ್ಲಿ ಹಕ್ಕಿ. ಇಂಗ್ಲಿಷಿನವರು ‘ಮ್ಯಾನ್ ಯು’ ಅಂತ ಓದಿ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡವನ್ನು ನೆನಪಿಸಿಕೊಳ್ಳುತ್ತಾರೆ. ಅತ್ತೆ ಮೊನು ಅನ್ನುತ್ತಾರೆ. ಈ ಎಲ್ಲ ರೂಪವನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಒಂದು ವಾರ ಹೋಗಿ ಬಂದು ಓದಿದೆವು. ಯಾವುದೂ ಚುಚ್ಚಲಿಲ್ಲ.

ಹೆಜ್ಜೆ 9: ತೀರ್ಮಾನ ಆದ ದಿನವೇ ಮಾಡಬೇಕಾದ ಎರಡು ಕೆಲಸ

ಒಂದು, ರೋಮನ್ ಸ್ಪೆಲಿಂಗನ್ನು ದೊಡ್ಡ ಅಕ್ಷರದಲ್ಲಿ ಬರೆದು, ಫಾರಂ ತುಂಬಬಹುದಾದ ಎಲ್ಲರಿಗೂ ಅದರ ಫೋಟೊ ಕಳಿಸಿ. ಬಾಯಿಮಾತಿನಲ್ಲಿ ಹೇಳಬೇಡಿ. ಬಾಯಿಮಾತು ನಂಬಿದ್ದಕ್ಕೆ ನನ್ನ ಹೆಸರಿನಲ್ಲೇ ಇವತ್ತಿಗೂ ಒಂದು ಎಚ್ ಜಾಸ್ತಿ ಇದೆ. ಶಾಲೆಗೆ ಸೇರಿಸುವಾಗ ಗುಮಾಸ್ತರೊಬ್ಬರು ಪ್ರೀತಿಯಿಂದ ಸೇರಿಸಿದ್ದು, ತೆಗೆಸಲು ಆಗಲೇ ಇಲ್ಲ.

ಎರಡು, ನೀವೇ ಹೆಸರು ಹೇಳಿ ಐದು ಸೆಕೆಂಡಿನ ಧ್ವನಿ ಸಂದೇಶ ಮಾಡಿಡಿ. ಹೊಸ ಟೀಚರ್, ಹೊಸ ಡಾಕ್ಟರ್, ಬೇರೆ ಭಾಷೆಯ ನೆಂಟರು ಯಾರು ಕೇಳಿದರೂ ಅದನ್ನೇ ಕಳಿಸಿದರಾಯಿತು. ಅತ್ತೆಗೂ ಕಳಿಸಿದ್ದೆ. ಕೇಳಿಸಿಕೊಂಡು ‘ಹೌದು, ಮೊನು’ ಅಂತ ಉತ್ತರ ಬಂತು.